ಮಿಕ್ಸರಿನಿಂದ ಕ್ಯಾಮೆರಾಕ್ಕೆ ವೈರ್ ಎಳೆಯುವ ಮುನ್ನ: ಒಂದು ಆಟದ ಧ್ವನಿ ಕೆಟ್ಟದ್ದು ಹೀಗೆ

ಇಡೀ ರಾತ್ರಿಯ ಯಕ್ಷಗಾನ. ಹೆಡ್‌ಫೋನ್‌ನಲ್ಲಿ ಭಾಗವತರ ಪದ್ಯ ಕೇಳುತ್ತದೆ, ಆದರೆ ಟೊಳ್ಳು. ಎಡದಿಂದಲೋ ಬಲದಿಂದಲೋ ಗೊತ್ತಾಗುವುದಿಲ್ಲ. ಅದೇ ವಿಡಿಯೋವನ್ನು ಒಂಟಿ ಸ್ಪೀಕರಿನ ಫೋನಿನಲ್ಲಿ ಹಾಕಿದರೆ ವೇಷ ಕುಣಿಯುತ್ತದೆ, ಹಿಮ್ಮೇಳ ಮೂಕ!

ತಪ್ಪು ಇದ್ದದ್ದು ವೈರಿನಲ್ಲಿ. ಮಿಕ್ಸರಿನ ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ) ಔಟ್‌ನಲ್ಲಿ 2ನೇ ಪಿನ್ನಿನ ಸಿಗ್ನಲ್ಲೇ 3ನೇ ಪಿನ್ನಿನಲ್ಲಿ ತಲೆಕೆಳಗಾಗಿ ಬರುತ್ತದೆ. ಕ್ಯಾಮೆರಾದ 3.5 ಮಿ.ಮೀ. ಜಾಕ್ ಸ್ಟೀರಿಯೋ. ಅಂಗಡಿಯ ರೆಡಿಮೇಡ್ ವೈರಿನಲ್ಲಿ ಎಷ್ಟೋ ಸಲ 2 ಎಡಕ್ಕೆ, 3 ಬಲಕ್ಕೆ ಹೋಗಿರುತ್ತದೆ. ಮೊನೋ ಆದ (ಎಡ-ಬಲ ಎರಡೂ ಒಂದಾಗಿ ಬೆರೆತ) ಕೂಡಲೇ ಒಂದನ್ನೊಂದು ನುಂಗಿಬಿಡುತ್ತವೆ. ಬೇಕಾದದ್ದು: 2ನೇ ಪಿನ್ ಜಾಕಿನ ತುದಿಗೂ ನಡುವಿನ ಉಂಗುರಕ್ಕೂ, 1ನೇ ಪಿನ್ ಬುಡಕ್ಕೆ, ಇಂದಿನ ಹೆಚ್ಚಿನ ಮಿಕ್ಸರುಗಳಲ್ಲಿ 3 ಖಾಲಿ ಬಿಟ್ಟರಾಯಿತು. ಈಗಾಗಲೇ ಕೆಟ್ಟಿದ್ದರೆ ಎಡ ಚಾನೆಲನ್ನೇ ಎರಡೂ ಕಡೆ ಹಾಕಿ, ಪದ್ಯ ಮರಳಿ ಬರುತ್ತದೆ.

ಮರಳಿ ಬಾರದ್ದು ಒಡೆದ ಧ್ವನಿ. ಮಿಕ್ಸರಿನ ಲೈನ್ ಔಟ್ +4 ಡಿಬಿಯು, ಅಂದರೆ ಸುಮಾರು 1.23 ವೋಲ್ಟ್. ಕ್ಯಾಮೆರಾದ ಮೈಕ್ ಇನ್‌ಪುಟ್ ನಿರೀಕ್ಷಿಸುವುದು ಮಿಲಿವೋಲ್ಟ್‌ಗಳನ್ನು. ಎಷ್ಟೋ ಕ್ಯಾಮೆರಾಗಳಲ್ಲಿ ಮೊದಲ ಹಂತದಲ್ಲೇ ಒಡೆದಿರುತ್ತದೆ, ಆಮೇಲೆ ಲೆವೆಲ್ ಇಳಿಸಿ ಪ್ರಯೋಜನವಿಲ್ಲ. ನಡುವೆ ಸಿಗ್ನಲ್ ತಗ್ಗಿಸುವ 40 ಡಿಬಿ ಪ್ಯಾಡ್ ಹಾಕಿ, ಇಲ್ಲವೇ ಲೈನ್ ಇನ್ ಇರುವ ರೆಕಾರ್ಡರ್ ತನ್ನಿ. ಆಟೋ ಲೆವೆಲ್ ಆಫ್ ಇರಲಿ. ಅತಿ ಜೋರಿನ ಪೆಟ್ಟೂ ಮೀಟರಿನಲ್ಲಿ −12 ಡಿಬಿ ದಾಟಬಾರದು. ಅಬ್ಬರದ ಪ್ರವೇಶಕ್ಕೆ ಅಷ್ಟು ಜಾಗ ಬೇಕೇ ಬೇಕು.

ಇಷ್ಟೆಲ್ಲ ಸರಿಯಿದ್ದರೂ ಬಯಲಿನ ಸ್ಪೀಕರಿಗೆ ಹೋಗುವ ಮೇನ್ ಔಟ್‌ನಿಂದ ತೆಗೆದರೆ ಚೆಂಡೆ ಸಿಗುವುದಿಲ್ಲ. ಅದು ತಾನಾಗಿಯೇ ಬಯಲು ತುಂಬುವ ವಾದ್ಯ; ಸೌಂಡಿನವರು ಅದರ ಫೇಡರ್ (ಧ್ವನಿ ಏರಿಳಿಸುವ ಜಾರುಗುಂಡಿ) ಏರಿಸುವುದೇ ಇಲ್ಲ, ಅವರ ಲೆಕ್ಕದಲ್ಲಿ ಅದು ಸರಿಯೂ ಹೌದು. ಹಾಗಾಗಿ ರೆಕಾರ್ಡಿಂಗಿಗೆ ಬೇರೆಯೇ ಆಕ್ಸ್ (ಮಿಕ್ಸರಿನ ಪ್ರತ್ಯೇಕ ಔಟ್) ಕೇಳಿ, ಅದು ಪ್ರೀ-ಫೇಡರ್, ಅಂದರೆ ಫೇಡರಿಗೆ ಮೊದಲೇ ಸಿಗ್ನಲ್ ತೆಗೆಯುವಂಥದ್ದು, ಆಗಿರಲಿ. ಪೋಸ್ಟ್ (ಫೇಡರಿನ ನಂತರದ್ದು) ಇದ್ದರೆ, ಮೈಕ್ ಹೂಂಕರಿಸಿತೆಂದು ಅವರು ಫೇಡರ್ ಎಳೆದಾಗಲೆಲ್ಲ ನಿಮ್ಮ ಪದ್ಯವೂ ಇಳಿಯುತ್ತದೆ. ಚೆಂಡೆಗೆ ಒಂದೂವರೆ ಅಡಿ ದೂರದಲ್ಲಿ ಡೈನಾಮಿಕ್ ಮೈಕ್ ಸಾಕು, ಗೇನ್ (ಮೈಕಿನ ಸಿಗ್ನಲನ್ನು ಮೊದಲು ಹಿಗ್ಗಿಸುವ ನಾಬ್) ಕಡಿಮೆ ಇರಲಿ. ಗೇನ್ ನಾಬ್ ಮಾತ್ರ ಪ್ರೀ-ಫೇಡರಿಗೂ ತಾಗುತ್ತದೆ. ಆಟ ಶುರುವಾದ ಮೇಲೆ ಅದನ್ನು ಮುಟ್ಟಬೇಡಿರೆಂದು ಮೊದಲೇ ಹೇಳಿಡಿ.

ಭಾಗವತರು ಶ್ರುತಿ ಹಿಡಿಯುವಾಗ ಒಂದು ನಿಮಿಷ ರೆಕಾರ್ಡ್ ಮಾಡಿ, ಫೋನಿಗೆ ಹಾಕಿ ಮೊನೋದಲ್ಲಿ ಕೇಳಿ. ವೈರ್ ಬದಲಿಸಲು ಆಗಿನ್ನೂ ಹೊತ್ತಿರುತ್ತದೆ.