ಕ್ರೂಸ್ ಬಂದರಿನಲ್ಲಿ ವೀಲ್‌ಚೇರ್ ವ್ಯಾನ್ ಎಲ್ಲಿ ನಿಲ್ಲಿಸೋದು? ಫ್ಲಾರಿಡಾದಲ್ಲಿ ನಾವು ಮಾಡಿ ನೋಡಿದ್ದು

ಫ್ಲಾರಿಡಾದಿಂದ ಕ್ರೂಸ್ ಹತ್ತುವವರಿಗೆ ಮುಖ್ಯವಾದ ಬಂದರು ಮೂರು. ಪೋರ್ಟ್‌ಮಯಾಮಿ, ಫೋರ್ಟ್ ಲಾಡರ್‌ಡೇಲ್‌ನ ಪೋರ್ಟ್ ಎವರ್‌ಗ್ಲೇಡ್ಸ್, ಒರ್ಲ್ಯಾಂಡೊದಿಂದ ಪೂರ್ವಕ್ಕೆ ಸಮುದ್ರದ ಅಂಚಿನಲ್ಲಿರುವ ಪೋರ್ಟ್ ಕೆನವೆರಲ್. ಯಾವ ಬಂದರಿಗೆ ಹೋದರೂ ಕಾರಿನ ವಿಷಯದಲ್ಲಿ ಆಯ್ಕೆಗಳು ಹೆಚ್ಚು ಕಡಿಮೆ ಒಂದೇ. ಬಂದರಿನ ಒಳಗಿನ ಬಹುಮಹಡಿ ಪಾರ್ಕಿಂಗ್‌ನಲ್ಲಿ ನಿಲ್ಲಿಸಬಹುದು. ಹೊರಗಿನ ಖಾಸಗಿ ಪಾರ್ಕಿಂಗ್ ಲಾಟ್‌ನಲ್ಲಿ ನಿಲ್ಲಿಸಿ, ಬಂದರಿಗೆ ಓಡಾಡುವ ಅವರ ಶಟಲ್ ಬಸ್ ಹತ್ತಬಹುದು. ಮನೆಯವರನ್ನು ಟರ್ಮಿನಲ್ ಬಾಗಿಲಲ್ಲಿ ಇಳಿಸಿ ಒಬ್ಬರು ಹೋಗಿ ಕಾರು ನಿಲ್ಲಿಸಿ ಬರಬಹುದು. ಹಿಂದಿನ ರಾತ್ರಿ ಹೋಟೆಲ್‌ನಲ್ಲಿ ಉಳಿದು ಕಾರನ್ನು ಅಲ್ಲೇ ಬಿಟ್ಟು ಹೋಗಬಹುದು. ಇವನ್ನೆಲ್ಲ ನಾವು ಒಂದಲ್ಲ ಒಂದು ಸಲ ಮಾಡಿ ನೋಡಿದ್ದೇವೆ.

ನಮ್ಮ ಮನೆಯ ಲೆಕ್ಕ ಮೊದಲೇ ಹೇಳಿಬಿಡುತ್ತೇನೆ. ಅದು ಬೇರೆಯಾದರೆ ಉತ್ತರವೂ ಬೇರೆಯಾಗುತ್ತದೆ. ಅಪ್ಪ ಪವರ್ ವೀಲ್‌ಚೇರ್‌ನಲ್ಲಿ ಓಡಾಡುತ್ತಾರೆ. ಅಮ್ಮ ಕೋಲು ಹಿಡಿದು ನಡೆಯುತ್ತಾರೆ, ಆದರೆ ಜಾಸ್ತಿ ದೂರ ಆಗೋದಿಲ್ಲ. ಗಾಡಿ ಮಿನಿವ್ಯಾನ್. ಬಲಗಡೆ ಬಾಗಿಲು ಸರಿಸಿದರೆ ರ‍್ಯಾಂಪ್ ಹೊರಗೆ ಚಾಚಿಕೊಳ್ಳುತ್ತದೆ. ಓಡಿಸೋದು ಅಣ್ಣ, ಇಲ್ಲಾಂದ್ರೆ ನಾನು.

ರ‍್ಯಾಂಪ್ ಇರುವ ಗಾಡಿಯಾದರೆ ಬಂದರಿನ ಒಳಗೇ ನಿಲ್ಲಿಸಿ, ಇದು ನನ್ನ ಅಭಿಪ್ರಾಯ. ಹತ್ತಿರ ಅನ್ನೋದು ಅದಕ್ಕೆ ಮುಖ್ಯ ಕಾರಣ ಅಲ್ಲ. ದುಡ್ಡು ಒಂದು ಕಾರಣ, ವಾಪಸ್ ಬರುವ ದಿನದ ಗಲಾಟೆ ಇನ್ನೊಂದು.

ದುಡ್ಡಿನ ವಿಷಯ ತುಂಬ ಜನರಿಗೆ ಗೊತ್ತಿಲ್ಲ. ಅಂಗವಿಕಲರಿಗೆ ಕೊಡುವ, ಕನ್ನಡಿಗೆ ನೇತು ಹಾಕುವ ನೀಲಿ ಪರ್ಮಿಟ್ ಇದ್ದರೆ ಎಲ್ಲ ಕಡೆ ಪಾರ್ಕಿಂಗ್ ಫ್ರೀ ಅಂದುಕೊಂಡಿರುತ್ತಾರೆ. ಬಂದರಿನಲ್ಲಿ ಹಾಗಿಲ್ಲ. ಫ್ಲಾರಿಡಾ ಕಾನೂನಿನ ಪ್ರಕಾರ, ಸಮಯ ಲೆಕ್ಕ ಹಾಕಿ ಹಣ ತೆಗೆದುಕೊಳ್ಳುವ ಸರ್ಕಾರಿ ಪಾರ್ಕಿಂಗ್‌ಗಳಲ್ಲಿ ನೀಲಿ ಪರ್ಮಿಟ್ ಇರುವ ಗಾಡಿಗೂ ಶುಲ್ಕ ಹಾಕಬಹುದು. ಆದರೆ ಗಾಡಿಯಲ್ಲೇ ವಿಶೇಷ ಸಲಕರಣೆ ಇದ್ದರೆ ಶುಲ್ಕ ಇಲ್ಲ. ಅಂದರೆ ರ‍್ಯಾಂಪ್, ಲಿಫ್ಟ್, ಕೈಯಿಂದ ಬ್ರೇಕು ಆಕ್ಸಿಲರೇಟರು ಒತ್ತುವ ಹ್ಯಾಂಡ್ ಕಂಟ್ರೋಲ್, ಇಂಥವು. ರಾಜ್ಯದ ರಸ್ತೆ ಟೋಲ್ ವಿನಾಯಿತಿ ಪರ್ಮಿಟ್ ಇರುವವರಿಗೂ ಶುಲ್ಕ ಇಲ್ಲ. ಪೋರ್ಟ್‌ಮಯಾಮಿ ಮಯಾಮಿ-ಡೇಡ್ ಕೌಂಟಿಯದ್ದು, ಎವರ್‌ಗ್ಲೇಡ್ಸ್ ಬ್ರೊವರ್ಡ್ ಕೌಂಟಿಯದ್ದು, ಹಾಗಾಗಿ ಎರಡೂ ಸರ್ಕಾರಿಯೇ. ಕೆನವೆರಲ್‌ಗೆ ಬೇರೆ ಪ್ರಾಧಿಕಾರ ಇದೆ, ಅಲ್ಲೂ ಇದೇ ಬಗೆಯ ವಿನಾಯಿತಿ ಸಿಗುತ್ತದೆ.

ಇದರಿಂದ ಹೋಲಿಕೆಯೇ ತಲೆಕೆಳಗಾಗುತ್ತದೆ. ಬಂದರಿನೊಳಗೆ ದುಬಾರಿ, ಹೊರಗೆ ಅಗ್ಗ ಅಂತ ಎಲ್ಲರೂ ಹೇಳುತ್ತಾರೆ. ಸಾಮಾನ್ಯ ಕಾರಿಗೆ ಅದು ನಿಜ. ಕೆನವೆರಲ್‌ನಂಥ ಬಂದರಿನಲ್ಲಿ ರಾತ್ರಿಗಳನ್ನು ಎಣಿಸುವುದಿಲ್ಲ, ದಿನಗಳನ್ನು ಎಣಿಸುತ್ತಾರೆ. 7 ರಾತ್ರಿಯ ಕ್ರೂಸ್‌ಗೆ 8 ದಿನದ ಬಾಡಿಗೆ ಬೀಳುತ್ತದೆ. ಒಟ್ಟು 100 ಡಾಲರ್ ಸುಲಭವಾಗಿ ದಾಟುತ್ತದೆ. ಅದೇ ರ‍್ಯಾಂಪ್ ಇರುವ ವ್ಯಾನ್‌ಗೆ ಒಳಗೆ ಸೊನ್ನೆ. ಹೊರಗಿನ ಖಾಸಗಿ ಲಾಟ್‌ಗೆ ಈ ನಿಯಮ ತಾಗೋದಿಲ್ಲ, ಅಲ್ಲಿ ಪೂರ್ತಿ ಕಟ್ಟಬೇಕು. ಗೇಟಿನಲ್ಲಿರುವವರಿಗೆ ಪರ್ಮಿಟ್ ತೋರಿಸಿ, ಗಾಡಿಯಲ್ಲಿ ರ‍್ಯಾಂಪ್ ಇದೆ ಅಂತ ಬಾಯಿಬಿಟ್ಟು ಹೇಳಿ. ಸುಮ್ನೆ ಇದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು? ಕೇಳಿದರೆ ಬಾಗಿಲು ತೆಗೆದು ತೋರಿಸಿ. ವಿನಾಯಿತಿ ಸಿಗುತ್ತದಾ ಅಂತ ವಿಚಾರಿಸದೆ ಆನ್‌ಲೈನ್‌ನಲ್ಲಿ ಮುಂಗಡ ಕಟ್ಟಬೇಡಿ.

ಬೇರೆ ರಾಜ್ಯದ ಪರ್ಮಿಟ್ ಇದ್ದರೂ ಅಂಗವಿಕಲರಿಗೆ ಮೀಸಲಾದ ನೀಲಿ ಜಾಗದಲ್ಲಿ ನಿಲ್ಲಿಸಬಹುದು. ಅಮೆರಿಕದ ರಾಜ್ಯಗಳು ಒಂದರದ್ದನ್ನು ಇನ್ನೊಂದು ಒಪ್ಪುತ್ತವೆ. ಕಾಲು ಮುರಿದವರಿಗೆ ಕೊಡುವ ಕೆಂಪು ತಾತ್ಕಾಲಿಕ ಪರ್ಮಿಟ್‌ಗೂ ಇದೇ ಮಾತು. ಕ್ರೂಸ್ ಮುಗಿಯುವ ತನಕ ಅದರ ಅವಧಿ ಇದೆಯಾ ಅಂತ ಮಾತ್ರ ನೋಡಿಕೊಳ್ಳಿ.

ಈಗ ಒಳಗಿನ ಪಾರ್ಕಿಂಗ್ ನಿಜಕ್ಕೂ ಹೇಗಿರುತ್ತದೆ ಅನ್ನೋದಕ್ಕೆ ಬರೋಣ. ನೀಲಿ ಜಾಗ ಸಿಕ್ಕರೆ ಸ್ವರ್ಗ. ಆ ಜಾಗ ಎಷ್ಟಿರುತ್ತದೆ ಅಂತ ಒಂದು ಲೆಕ್ಕ ಹಾಕಿ. ಕೆನವೆರಲ್‌ನಲ್ಲಿ 2021ರಲ್ಲಿ ಶುರುವಾದ ಟರ್ಮಿನಲ್ 3ರ ಪಕ್ಕದ ಕಟ್ಟಡದಲ್ಲಿ ಸುಮಾರು 1,800 ಕಾರು ಹಿಡಿಯುತ್ತವೆ. ಅಂಗವಿಕಲರ ಹಕ್ಕಿಗೆ ಅಮೆರಿಕದಲ್ಲಿರುವ ಎಡಿಎ ಕಾನೂನಿನ ನಿಯಮದ ಪ್ರಕಾರ ಮೊದಲ 1,000ಕ್ಕೆ 20, ಆಮೇಲೆ ಪ್ರತಿ 100ಕ್ಕೆ 1 ಅಂಗವಿಕಲರ ಜಾಗ ಬೇಕು. ಅಲ್ಲಿಗೆ ಕಡ್ಡಾಯ ಇರೋದು 28. ಅದರಲ್ಲಿ ಆರಕ್ಕೊಂದು ಮಾತ್ರ ವ್ಯಾನ್ ಅಳತೆಯದ್ದಾಗಿರಬೇಕು. ಅಂದರೆ 5. ಬಂದರಿನವರು ಇದಕ್ಕಿಂತ ಜಾಸ್ತಿ ಇಟ್ಟಿರಬಹುದು, ಕಾನೂನು ಕೇಳೋದು ಇಷ್ಟೇ. ಅಲ್ಲಿಂದ ಹೊರಡುವ ದೊಡ್ಡ ಹಡಗು ಹತ್ತುವವರು 5,000ಕ್ಕೂ ಹೆಚ್ಚು!

ಹಾಗಾಗಿ ಹೋಗುವ ಹೊತ್ತು ಮುಖ್ಯ. ಬೇಗ ಹೋದರೆ ಜಾಗ ಸಿಗುತ್ತೆ ಅನ್ನೋದು ಇಲ್ಲಿ ನಡೆಯೋದಿಲ್ಲ. ಬೆಳಗ್ಗೆ ಎಂಟಕ್ಕೆ ಹೋಗಿ ನೋಡಿ, ನೀಲಿ ಜಾಗದಲ್ಲೆಲ್ಲ ಹಿಂದಿನ ಕ್ರೂಸ್‌ನವರ ಕಾರುಗಳೇ ಇರುತ್ತವೆ. ಅವರು ಇನ್ನೂ ಹಡಗಿನಿಂದ ಇಳಿದೇ ಇರೋದಿಲ್ಲ. ಒಂಬತ್ತು, ಹತ್ತರ ಹೊತ್ತಿಗೆ ಅವರು ಖಾಲಿ ಮಾಡುತ್ತಾರೆ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಹೊಸಬರು ತುಂಬಿಕೊಳ್ಳುತ್ತಾರೆ. ನಮಗೆ ಒಗ್ಗಿದ್ದು ಹತ್ತೂವರೆಯಿಂದ ಹನ್ನೊಂದರ ನಡುವೆ. ಈ ಜಾಗಗಳನ್ನು ಸಾಮಾನ್ಯವಾಗಿ ಮೊದಲೇ ಕಾಯ್ದಿರಿಸಲು ಆಗೋದಿಲ್ಲ, ಮೊದಲು ಬಂದವರಿಗೆ ಮೊದಲು.

ಜಾಗ ಸಿಕ್ಕಿತು ಅಂತ ಸೀದಾ ನುಗ್ಗಿಸಬೇಡಿ. ಹತ್ತಿ ಇಳಿಯಲು ಪಕ್ಕದಲ್ಲಿ ಪಟ್ಟೆ ಎಳೆದು ಬಿಟ್ಟ ಖಾಲಿ ಜಾಗ ಯಾವ ಕಡೆ ಇದೆ ನೋಡಿ. ನಮ್ಮ ರ‍್ಯಾಂಪ್ ಬಲಕ್ಕೆ ಬಿಚ್ಚಿಕೊಳ್ಳುತ್ತದೆ. ಪಟ್ಟೆ ಎಡಕ್ಕಿದ್ದರೆ ಗಾಡಿಯನ್ನು ರಿವರ್ಸ್ ಹಾಕಿ ನಿಲ್ಲಿಸಬೇಕು. ಕಾರಿನ ಜಾಗಕ್ಕೆ ಪಟ್ಟೆಯ ಅಗಲ 5 ಅಡಿ ಇದ್ದರೆ ಸಾಕು ಅನ್ನುತ್ತದೆ ಎಡಿಎ ನಿಯಮ. ಆ ನಿಯಮದಲ್ಲಿ ವ್ಯಾನ್ ಜಾಗ ಎರಡು ಥರ. ಒಂದೋ 8 ಅಡಿ ಜಾಗ, 8 ಅಡಿ ಪಟ್ಟೆ. ಇಲ್ಲವೇ 11 ಅಡಿ ಜಾಗ, 5 ಅಡಿ ಪಟ್ಟೆ. ಎರಡನೆಯದರಲ್ಲಿ ಗಾಡಿಯನ್ನು ಪಟ್ಟೆಯಿಂದ ದೂರಕ್ಕೆ, ಎದುರಿನ ಗೆರೆಗೆ ಒತ್ತಿ ನಿಲ್ಲಿಸಬೇಕು. ಆಗ ರ‍್ಯಾಂಪ್ ಇಳಿದ ಮೇಲೂ ಅಪ್ಪ ಕುರ್ಚಿ ತಿರುಗಿಸಲು ಜಾಗ ಉಳಿಯುತ್ತದೆ. ನಡುಮಧ್ಯೆ ನಿಲ್ಲಿಸಿದರೆ ರ‍್ಯಾಂಪಿನ ತುದಿ ಪಕ್ಕದ ಕಾರಿನ ಬಾಗಿಲ ಹತ್ತಿರಕ್ಕೇ ಹೋಗಿ ಕೂರುತ್ತದೆ, ತಿರುಗಲು ಗೇಣು ಜಾಗ ಇರೋದಿಲ್ಲ.

ಎತ್ತರವನ್ನೂ ನೋಡಿಕೊಳ್ಳಿ. ವ್ಯಾನ್ ಜಾಗಕ್ಕೆ ಹೋಗುವ ದಾರಿಯಲ್ಲಿ 98 ಇಂಚು, ಅಂದರೆ 8 ಅಡಿ 2 ಇಂಚು ಎತ್ತರ ಬಿಡಬೇಕು ಅಂತ ನಿಯಮ. ನೆಲ ತಗ್ಗಿಸಿದ ಮಿನಿವ್ಯಾನ್‌ಗಳಿಗೆ ಇದು ಧಾರಾಳ. ಛಾವಣಿ ಎತ್ತರಿಸಿದ ದೊಡ್ಡ ವ್ಯಾನ್ ಆದರೆ ಬಹುಮಹಡಿ ಕಟ್ಟಡ ಮರೆತುಬಿಡಿ, ಬಯಲು ಪಾರ್ಕಿಂಗ್ ಎಲ್ಲಿದೆ ಅಂತ ಮೊದಲೇ ಕೇಳಿಕೊಳ್ಳಿ.

ಒಳಗಿನ ಪಾರ್ಕಿಂಗ್‌ನ ನಿಜವಾದ ತೊಂದರೆ ನೀವು ಅಲ್ಲಿಲ್ಲದಾಗ ಆಗುವಂಥದ್ದು. ಅಂಗಡಿಗೆ ಹೋದಾಗ ಅರ್ಧ ಗಂಟೆಯಲ್ಲಿ ವಾಪಸ್ ಬರುತ್ತೇವೆ. ಇಲ್ಲಿ ಗಾಡಿ ಒಂದು ವಾರ ನಿಲ್ಲುತ್ತದೆ. ಒಂದು ಬಂದರಿನಲ್ಲಿ ವಾಪಸ್ ಬಂದು ನೋಡಿದರೆ ಪಟ್ಟೆಯ ಮೇಲೇ ಯಾರೋ ದೊಡ್ಡ ಪಿಕಪ್ ನಿಲ್ಲಿಸಿ ಹಡಗು ಹತ್ತಿದ್ದರು. ಅದರ ಸೈಡ್ ಮಿರರ್ ನಮ್ಮ ಕಿಟಕಿಗೆ ತಾಗುವಷ್ಟು ಹತ್ತಿರ. ಅಣ್ಣ ಎಡಗಡೆಯಿಂದ ಹತ್ತಿ ಗಾಡಿಯನ್ನು ಕಾರು ಓಡಾಡುವ ದಾರಿಗೆ ತಂದ. ನಾನು ಹಿಂದೆ ನಿಂತು ಬರುವ ಕಾರುಗಳಿಗೆ ಕೈ ಅಡ್ಡ ಹಿಡಿದೆ. ರ‍್ಯಾಂಪ್ ಇಳಿಸಿ ಅಪ್ಪ ಹತ್ತುವ ತನಕ ಹಿಂದೆ ಹಾರ್ನೋ ಹಾರ್ನು. ನಾವಿಬ್ಬರು ಇದ್ದೆವು, ಸರಿ. ತಾವೇ ಗಾಡಿ ಓಡಿಸುವ ವೀಲ್‌ಚೇರ್ ಬಳಕೆದಾರರು ಒಬ್ಬರೇ ಬಂದಿದ್ದರೆ ಏನು ಮಾಡಬೇಕಿತ್ತು? ಪಿಕಪ್‌ನವನು ಬರುವ ತನಕ ಕಾಯಬೇಕು, ಇಲ್ಲ ಭದ್ರತೆಯವರನ್ನು ಕರೆಸಿ ಗಾಡಿ ಎಳೆಸಬೇಕು. ಅದಕ್ಕೇ ಈಗ ನಾವು ಸಾಲಿನ ಕೊನೆಯ ಜಾಗ ಹುಡುಕುತ್ತೇವೆ. ಪಟ್ಟೆಯ ಆಚೆ ಕಂಬವೋ ಗೋಡೆಯೋ ಇದ್ದರೆ ಇನ್ನೂ ಒಳ್ಳೆಯದು. ಲಿಫ್ಟಿನಿಂದ ಸ್ವಲ್ಪ ದೂರ ಆದರೂ ಪರವಾಗಿಲ್ಲ, ಅಪ್ಪನ ಕುರ್ಚಿಗೆ ದೂರ ಒಂದು ಲೆಕ್ಕ ಅಲ್ಲ.

ವಾರಗಟ್ಟಲೆ ನಿಂತ ಗಾಡಿಯ ಬ್ಯಾಟರಿ ಕೈಕೊಡಬಹುದು. ಪವರ್ ರ‍್ಯಾಂಪ್ ಓಡೋದು ಅದೇ ಬ್ಯಾಟರಿಯಿಂದ. ಕೈಯಿಂದ ರ‍್ಯಾಂಪ್ ಬಿಚ್ಚುವುದು ಹೇಗೆ ಅಂತ ಮನೆಯಲ್ಲೇ ಒಂದು ಸಲ ಮಾಡಿ ನೋಡಿ. ಚಿಕ್ಕ ಜಂಪ್ ಸ್ಟಾರ್ಟರ್ ಇಟ್ಟುಕೊಳ್ಳುವುದಾದರೆ ಅದು ಚಾಲಕನ ಸೀಟಿನ ಹತ್ತಿರ ಇರಲಿ.

ಹೊರಗಿನ ಲಾಟ್ ಮತ್ತು ಶಟಲ್‌ಗೆ ಬರೋಣ. ಇಂಥ ಖಾಸಗಿ ಶಟಲ್‌ನವರೂ ವೀಲ್‌ಚೇರ್‌ನವರಿಗೆ ಬೇರೆಯವರಷ್ಟೇ ಅನುಕೂಲದ ಸೇವೆ ಕೊಡಬೇಕು ಅಂತ ಎಡಿಎ ಹೇಳುತ್ತದೆ. ಕಾಗದದಲ್ಲಿ ಇರೋದು ಅದು. ನಾವು ಹೋದ ಒಂದು ಲಾಟ್‌ನವರು ಫೋನಿನಲ್ಲಿ “ಹೌದು, ವೀಲ್‌ಚೇರ್ ತೊಂದರೆ ಇಲ್ಲ” ಅಂದಿದ್ದರು. ಹೋಗಿ ನೋಡಿದರೆ ಮೂರು ಮೆಟ್ಟಿಲಿನ ಮಿನಿ ಬಸ್. ಚಾಲಕ ತುಂಬ ಒಳ್ಳೆಯ ಮನುಷ್ಯ. ಇಳಿದು ಬಂದು ಅಪ್ಪನಿಗೆ ಕೈ ಚಾಚಿದ. ಅವನ ಲೆಕ್ಕದಲ್ಲಿ ಕುರ್ಚಿ ಮಡಚಿ ಡಿಕ್ಕಿಗೆ ಹಾಕೋದು, ಅಪ್ಪ ಮೆಟ್ಟಿಲು ಹತ್ತೋದು. ಅಪ್ಪನ ಪವರ್ ಕುರ್ಚಿ ಮಡಚಲು ಬರೋದಿಲ್ಲ. ನೂರು ಕಿಲೋ ಮೀರಿದ ಭಾರ, ನಾಲ್ಕು ಜನ ಸೇರಿದರೂ ಎತ್ತೋದು ಕಷ್ಟ. ಲಿಫ್ಟ್ ಇರುವ ಬಸ್ ಅವರ ಹತ್ತಿರ ಒಂದೇ ಇತ್ತು, ಅದು ಬೇರೆ ಟರ್ಮಿನಲ್‌ಗೆ ಹೋಗಿತ್ತು. ಕಾದೆವು. ಬಂತು. ಹಡಗು ತಪ್ಪಲಿಲ್ಲ.

ಹೋಗುವ ದಿನದ್ದು ಹೇಗೋ ಆಗುತ್ತದೆ ಅನ್ನಿ, ಕೈಯಲ್ಲಿ ಸಮಯ ಇರುತ್ತದೆ. ವಾಪಸ್ ಬರುವ ದಿನ ಹಾಗಲ್ಲ. ಸಾವಿರಾರು ಜನ ಎರಡು ಮೂರು ಗಂಟೆಯಲ್ಲಿ ಒಂದೇ ಫುಟ್‌ಪಾತ್‌ಗೆ ಬಂದು ಬೀಳುತ್ತಾರೆ. ಎಲ್ಲ ಶಟಲ್‌ಗಳೂ ತುಂಬಿಕೊಂಡೇ ಹೊರಡುತ್ತವೆ. ಲಿಫ್ಟ್ ಇರುವ ಬಸ್ ಬಂದರೂ ಅದರಲ್ಲಿ ಕುರ್ಚಿ ನಿಲ್ಲಿಸುವ ಕಡೆ ಸೂಟ್‌ಕೇಸ್ ಜೋಡಿಸಿರುತ್ತಾರೆ. ಅದನ್ನು ಕೆಳಗಿಳಿಸಿ ಅಂತ ಹೇಳೋದು ನಾವೇ, ಕೆಟ್ಟವರಾಗೋದೂ ನಾವೇ. ಹಡಗಿನಿಂದ ವೀಲ್‌ಚೇರ್ ತಳ್ಳಿಕೊಂಡು ಬರುವ ಸಿಬ್ಬಂದಿಯ ಜವಾಬ್ದಾರಿ ಸಾಮಾನ್ಯವಾಗಿ ಟರ್ಮಿನಲ್ ಬಾಗಿಲಿಗೆ ಮುಗಿಯುತ್ತದೆ. ಆಚೆಯದ್ದು ನಮ್ಮ ಪಾಡು.

ಲಾಟ್‌ಗೆ ಫೋನ್ ಮಾಡುವಾಗ ‘ವೀಲ್‌ಚೇರ್‌ಗೆ ಆಗುತ್ತಾ’ ಅಂತ ಕೇಳಬೇಡಿ. “ಕುರ್ಚಿಯಲ್ಲಿ ಕೂತವರು ಕೂತ ಹಾಗೇ ಹತ್ತಬೇಕು. ಲಿಫ್ಟ್ ಇರುವ ಬಸ್ ಎಷ್ಟಿದೆ? ವಾಪಸ್ ಬರುವ ದಿನಕ್ಕೂ ಬುಕ್ ಮಾಡ್ತೀರಾ?” ಅಂತ ಕೇಳಿ. ಎರಡನೇ ಪ್ರಶ್ನೆಗೇ ಅವರು ತಡವರಿಸಿದರೆ ಫೋನ್ ಇಡಿ.

ಬಾಗಿಲಲ್ಲಿ ಇಳಿಸುವುದು ನಮ್ಮ ಅಮ್ಮನಿಗೆ ಇಷ್ಟ. ಅಪ್ಪನಿಗೆ ಆಗೋದಿಲ್ಲ. “ಏನೋ, ನನ್ನನ್ನೂ ಲಗೇಜ್ ಜೊತೆ ಇಲ್ಲೇ ಬಿಟ್ಟು ಹೋಗ್ತೀಯಾ?” ಅಂತ ಅಣ್ಣನನ್ನು ರೇಗಿಸುತ್ತಾರೆ. ಆದರೆ ನೀಲಿ ಜಾಗ ಸಿಗದ ದಿನ ಇದೇ ದಾರಿ. ಟರ್ಮಿನಲ್ ಮುಂದೆ ಗಾಡಿ ನಿಲ್ಲಿಸಿ ಜನ ಇಳಿಸುವ ಕಡೆಯೂ 5 ಅಡಿಯ ಪಟ್ಟೆ ಜಾಗ ಇರಬೇಕು ಅಂತ ನಿಯಮ ಇದೆ. ಅದು ಎಲ್ಲಿದೆ ಅಂತ ಅಲ್ಲಿರುವ ಪೋರ್ಟರ್‌ಗಳನ್ನೇ ಕೇಳಿ, ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ದೊಡ್ಡ ಪೆಟ್ಟಿಗೆಗಳನ್ನೂ ಅವರ ಕೈಗೇ ಕೊಟ್ಟುಬಿಡಬಹುದು. ಔಷಧಿ ಮತ್ತು ಕುರ್ಚಿಯ ಚಾರ್ಜರ್ ಮಾತ್ರ ಕೈಚೀಲದಲ್ಲಿರಲಿ, ಪೆಟ್ಟಿಗೆ ಕೋಣೆಗೆ ಬರುವಾಗ ಸಂಜೆಯೂ ಆಗಬಹುದು. ಅಪ್ಪ ಇಳಿದ ಮೇಲೆ ಅಣ್ಣ ಸಾಮಾನ್ಯ ಜಾಗದಲ್ಲೇ ನಿಲ್ಲಿಸಿ ಬರುತ್ತಾನೆ. ಪರ್ಮಿಟ್ ಅಪ್ಪನದ್ದು, ಗಾಡಿಯದ್ದಲ್ಲ ಅಲ್ವಾ. ವಾಪಸ್ ಬರುವಾಗ ಮಾತ್ರ ಪೊಲೀಸರು ಬಾಗಿಲ ಮುಂದೆ ಗಾಡಿ ನಿಲ್ಲಲು ಬಿಡೋದಿಲ್ಲ. ಅಪ್ಪ ಅಮ್ಮ ಹೊರಗೆ ಬಂದು ನಿಂತ ಮೇಲೆ ಫೋನ್ ಮಾಡಿದರೆ ಅಣ್ಣ ಗಾಡಿ ತರುತ್ತಾನೆ. ಅವರು ಒಳಗಿರುವಾಗಲೇ ತಂದರೆ ಒಂದು ಸುತ್ತು ಹಾಕಿಸುತ್ತಾರೆ.

ಹೋಟೆಲ್ ಪ್ಯಾಕೇಜ್ ದೂರದಿಂದ ಬರುವವರಿಗೆ ಸರಿ. ರಾತ್ರಿ ನಿದ್ದೆ ಆಗುತ್ತದೆ, ಹೋಟೆಲ್ ಮುಂದಿನ ನೀಲಿ ಜಾಗವೂ ಸಿಗುತ್ತದೆ. ಆದರೆ ಬೆಳಗ್ಗೆ ಮತ್ತೆ ಅದೇ ಶಟಲ್ ಕಥೆ. ಕೆಲವು ಪ್ಯಾಕೇಜಿನಲ್ಲಿ ಶಟಲ್ ಹೋಗಲು ಮಾತ್ರ, ಬರುವಾಗ ನಿಮ್ಮದೇ ಟ್ಯಾಕ್ಸಿ. ರ‍್ಯಾಂಪ್ ಇರುವ ಟ್ಯಾಕ್ಸಿ ಆ್ಯಪ್‌ನಲ್ಲಿ ಎಲ್ಲ ಊರಲ್ಲೂ ಸಿಗೋದಿಲ್ಲ.

ವ್ಯಾಲೆ ಪಾರ್ಕಿಂಗ್ ಇರುವ ಕಡೆ ಕೀ ಕೊಟ್ಟು ಹೋಗೋದು ಆರಾಮ ಅನ್ನಿಸುತ್ತದೆ. ಹ್ಯಾಂಡ್ ಕಂಟ್ರೋಲ್ ಇರುವ ಗಾಡಿಯಾದರೆ ಓಡಿಸುವವನಿಗೆ ತೋರಿಸಿ ಕೊಡಬೇಕು. ಚಾಲಕನ ಸೀಟು ತೆಗೆಸಿ ಕುರ್ಚಿಯಲ್ಲೇ ಕೂತು ಓಡಿಸುವವರ ಗಾಡಿಯನ್ನಂತೂ ಅವನು ಮುಟ್ಟಲೂ ಆಗೋದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಶಟಲ್ ಲಾಟ್ ಪೂರ್ತಿ ಬೇಡ ಅನ್ನೋದಿಲ್ಲ. ಅಪ್ಪ ಬರದೆ ಅಮ್ಮ ಮತ್ತು ನಾನು ಮಾತ್ರ ಹೋದಾಗ ಮಾಮೂಲಿ ಕಾರು ತೆಗೆದುಕೊಂಡು ಹೋಗುತ್ತೇವೆ. ಅದರಲ್ಲಿ ರ‍್ಯಾಂಪ್ ಇಲ್ಲ, ಹಾಗಾಗಿ ಬಂದರಿನಲ್ಲಿ ವಿನಾಯಿತಿಯೂ ಇಲ್ಲ. ಅಮ್ಮನಿಗೆ ಉದ್ದ ದಾರಿಗೆ ಬೇಕಾಗುವ ಮಡಚುವ ಕುರ್ಚಿಯನ್ನು ನಾನೊಬ್ಬನೇ ಎತ್ತುತ್ತೇನೆ. ಮೂರು ಮೆಟ್ಟಿಲು ಅವರು ಕಂಬಿ ಹಿಡಿದು ಹತ್ತುತ್ತಾರೆ. ಆಗ ಹೊರಗಿನ ಲಾಟೇ ನಮಗೆ ಲಾಭ. ಆದರೆ ವಾಪಸ್ ಬರುವ ದಿನ ಹಡಗಿನಲ್ಲೇ ನಿಧಾನಕ್ಕೆ ತಿಂಡಿ ಮುಗಿಸಿ, ಇಳಿಯುವ ಕೊನೆಯ ಗುಂಪಿನಲ್ಲಿ ಇಳಿಯುತ್ತೇವೆ. ಅಷ್ಟರಲ್ಲಿ ಶಟಲ್ ಸಾಲು ಕರಗಿರುತ್ತದೆ, ಅಮ್ಮನಿಗೆ ಮುಂದಿನ ಸೀಟೇ ಸಿಗುತ್ತದೆ.