ರೇಸು ಬಿಟ್ಟ ಕುದುರೆ ಬೆದರಿದರೆ ಎರಡೂ ಲಗಾಮು ಜಗ್ಗಬೇಡಿ

ಬೆಂಗಳೂರಿನ ಸುತ್ತಮುತ್ತ ಸವಾರಿ ಕಲಿಯುತ್ತಿರುವವರು, ಅದರಲ್ಲೂ ರೇಸು ಬಿಟ್ಟ ತರೋಬ್ರೆಡ್ (ರೇಸಿಗೆಂದೇ ಬೆಳೆಸುವ ತಳಿ) ಕುದುರೆಯೊಂದನ್ನು ಅಗ್ಗಕ್ಕೆ ಕೊಳ್ಳಲು ಹೊರಟವರು ದಯವಿಟ್ಟು ಇದನ್ನು ಓದಿ.

ದೊಡ್ಡಬಳ್ಳಾಪುರದ ಕಡೆ ಸವಾರರೊಬ್ಬರು ದ್ರಾಕ್ಷಿ ತೋಟದ ಬದಿಯ ಮಣ್ಣುದಾರಿಯಲ್ಲಿ ನಿಧಾನ ನಡಿಗೆಯಲ್ಲೇ ಹೋಗುತ್ತಿದ್ದರು. ಹಕ್ಕಿ ಓಡಿಸಲು ಕಟ್ಟಿದ್ದ ಹೊಳೆಯುವ ಟೇಪು ಗಾಳಿಗೆ ಪಟಪಟ ಬಡಿಯಿತು. ಕುದುರೆ ಪಕ್ಕಕ್ಕೆ ಹಾರಿತು. ಸವಾರರು ಆಗ ಬೀಳಲಿಲ್ಲ. ಮುಂದಕ್ಕೆ ಬಾಗಿ, ಕಾಲಿನಿಂದ ಹೊಟ್ಟೆ ಅವುಚಿ, ಎರಡೂ ಲಗಾಮನ್ನು ಬಿಗಿಯಾಗಿ ಜಗ್ಗಿ ಹಿಡಿದರು. ಕುದುರೆ ನಾಗಾಲೋಟ ಕಿತ್ತಿತು. ತಿರುವಿನಲ್ಲಿ ಅವರು ಉರುಳಿದಾಗ ಕಾಲಲ್ಲಿದ್ದ ಸ್ಪೋರ್ಟ್ಸ್ ಶೂ ರಿಕಾಪಿನೊಳಗೆ, ಅಂದರೆ ಜೀನಿನಿಂದ ತೂಗುವ ಕಾಲಿಡುವ ಬಳೆಯೊಳಗೆ, ಹಿಮ್ಮಡಿಯವರೆಗೂ ನುಗ್ಗಿ ಸಿಕ್ಕಿಕೊಂಡಿತ್ತು. ಕುದುರೆ ಅವರನ್ನು ನೆಲದ ಮೇಲೆ ಎಳೆದುಕೊಂಡೇ ಓಡಿತು. ಕೊರಳೆಲುಬು (ಕಾಲರ್‌ಬೋನ್) ಮುರಿಯಿತು. ಕುದುರೆ ಮಾರಿದವರ ಮಾತು, "ಮಗು ಕೂತರೂ ಅಲ್ಲಾಡಲ್ಲ ಸಾರ್" ಎಂದಾಗಿತ್ತು.

ಬೆದರುವುದು ಕುದುರೆಯ ಹುಟ್ಟುಗುಣ. ಕಣ್ಣುಗಳು ತಲೆಯ ಎರಡು ಬದಿಗೆ ಇರುವುದರಿಂದ ಹೆಚ್ಚುಕಡಿಮೆ 350 ಡಿಗ್ರಿ ಕಾಣುತ್ತದೆ. ಹಣೆಯ ಮುಂದೆ ಸ್ವಲ್ಪ, ಬಾಲದ ಹಿಂದೆ ಸ್ವಲ್ಪ ಜಾಗ ಮಾತ್ರ ಕಾಣದು. ಅಂಚಿನಲ್ಲಿ ಏನಾದರೂ ಅಲುಗಾಡಿದರೆ ಮೊದಲು ಓಟ, ಆಮೇಲೆ ನೋಟ. ಅದಕ್ಕೆ ಮುಂಚೆ ಬಹಳ ಸಲ ಸೂಚನೆ ಸಿಗುತ್ತದೆ: ಎರಡೂ ಕಿವಿ ಒಂದೇ ಕಡೆ ನೆಟ್ಟಗಾಗುತ್ತವೆ, ತಲೆ ಮೇಲೇರುತ್ತದೆ, ನಿಮ್ಮ ತೊಡೆಯ ಕೆಳಗೆ ಬೆನ್ನು ಮರದಂತೆ ಗಟ್ಟಿಯಾಗುತ್ತದೆ. ಹಾಗೆ ಹಾರುವ ಹೆಚ್ಚಿನ ಕುದುರೆಗಳು ಒಂದೆರಡು ಹೆಜ್ಜೆಗೇ ನಿಲ್ಲುತ್ತವೆ. ಅದನ್ನು ಓಟವಾಗಿ ಬೆಳೆಸುವುದು ಬಹಳ ಸಲ ಮೇಲೆ ಕೂತವರೇ.

ರೇಸಿನಲ್ಲಿ ಜಾಕಿ ಲಗಾಮನ್ನು ಬಿಗಿ ಹಿಡಿದಷ್ಟೂ ಕುದುರೆ ಕಡಿವಾಣದ ಮೇಲೆ ಭಾರ ಬಿಟ್ಟು ಓಡಲು ಕಲಿತಿರುತ್ತದೆ. ನೀವು ಎರಡೂ ಕೈಯಿಂದ ಸಮನಾಗಿ ಜಗ್ಗಿದರೆ ಅದಕ್ಕೆ ತಿಳಿಯುವುದು "ಓಡು" ಎಂದೇ. ಕಾಲು ಅವುಚಿದರೆ ಇನ್ನೊಂದು "ಓಡು". ಸುಮಾರು 450 ಕಿಲೋ ತೂಗುವ ಪ್ರಾಣಿಯ ಜೊತೆ ತೋಳಿನ ಬಲದಲ್ಲಿ ಗೆಲ್ಲುವ ಮಾತೇ ಇಲ್ಲ.

ಹಾರಿದ ಕ್ಷಣದಲ್ಲಿ ಒಂದು ಕೈ ಕುತ್ತಿಗೆಪಟ್ಟಿಗೆ ಹೋಗಲಿ. ಹಳೆಯ ರಿಕಾಪಿನ ಚರ್ಮದ ಪಟ್ಟಿಯನ್ನೇ ಕುದುರೆಯ ಕುತ್ತಿಗೆಯ ಬುಡಕ್ಕೆ ಸಡಿಲವಾಗಿ ಕಟ್ಟಿದರೂ ಸಾಕು. ಅದಿಲ್ಲದಿದ್ದರೆ ಅಯಾಲು (ಕುತ್ತಿಗೆಯ ಕೂದಲು) ಹಿಡಿಯಿರಿ. ಭುಜ ಹಿಂದಕ್ಕೆ, ಹಿಮ್ಮಡಿ ಕೆಳಕ್ಕೆ, ಉಸಿರು ಹೊರಕ್ಕೆ. ಕುದುರೆ ಓಡಲು ತೊಡಗಿದರೆ, ವೇಗ ಏರುವ ಮೊದಲು, ಒಂದು ಕೈಯನ್ನು ಲಗಾಮಿನ ಉದ್ದಕ್ಕೂ ಕುತ್ತಿಗೆಯ ಅರ್ಧದವರೆಗೆ ಜಾರಿಸಿ ಹಿಡಿದು ನಿಮ್ಮ ತೊಡೆಯ ಹತ್ತಿರ ತನ್ನಿ. ಇನ್ನೊಂದು ಕೈಯ ಲಗಾಮನ್ನು ಪೂರ್ತಿ ಸಡಿಲ ಬಿಡಿ. ಇದನ್ನು ಮರೆಯುವವರೇ ಹೆಚ್ಚು. ಮೂತಿ ನಿಮ್ಮ ಮೊಣಕಾಲಿನತ್ತ ಬರುತ್ತದೆ, ಹಿಂಗಾಲುಗಳು ಒಂದನ್ನೊಂದು ದಾಟುತ್ತವೆ, ಮುನ್ನುಗ್ಗುವ ಬಲ ಮುರಿಯುತ್ತದೆ. ನಿಂತ ಕೂಡಲೇ ಬಿಟ್ಟುಬಿಡಿ. ಮೊದಲು ನಿಂತಲ್ಲಿ, ಆಮೇಲೆ ನಡಿಗೆಯಲ್ಲಿ, ಆಮೇಲೆ ಟ್ರಾಟ್‌ನಲ್ಲಿ (ಕುಲುಕು ಓಟದಲ್ಲಿ), ಎರಡೂ ಬದಿಗೆ ಅಭ್ಯಾಸ ಮಾಡದೆ ಅಂಗಳದ ಬೇಲಿ ದಾಟಲೇಬೇಡಿ.

ಆದರೆ ನಾಗಾಲೋಟ ಶುರುವಾದ ಮೇಲೆ, ಅಥವಾ ಡಾಂಬರು ರಸ್ತೆಯ ಮೇಲೆ, ಇದನ್ನು ಮಾಡಿದರೆ ಕುದುರೆ ಎಡವಿ ನಿಮ್ಮ ಮೇಲೆಯೇ ಬೀಳಬಹುದು. ಬಯಲಿದ್ದರೆ ದೊಡ್ಡ ಸುತ್ತು ಹಾಕಿಸಿ, ಸುತ್ತನ್ನು ಮೆಲ್ಲಗೆ ಕಿರಿದು ಮಾಡುತ್ತ ಬನ್ನಿ. ಎರಡೂ ಕಡೆ ಬೇಲಿಯಿದ್ದರೆ ಒಂದು ಲಗಾಮನ್ನು ಗಿಡ್ಡ ಮಾಡಿ, ಆ ಕೈಯ ಮುಷ್ಟಿಯನ್ನು ಅಯಾಲಿನ ಮೇಲೆ ಗಟ್ಟಿಯಾಗಿ ಊರಿ. ಇನ್ನೊಂದನ್ನು ಮೇಲಕ್ಕೂ ಹಿಂದಕ್ಕೂ ಚುರುಕಾಗಿ ಎಳೆದು ತಕ್ಷಣ ಬಿಡಿ. ಓಟದ ಲಯಕ್ಕೆ ಸರಿಯಾಗಿ ಎಳೆಯುತ್ತ ಬಿಡುತ್ತ ಹೋಗಿ. ಕೆಳಗೆ ಹಾರುವುದು ಮುಂದೆ ಹೆದ್ದಾರಿಯೋ ಕಂದಕವೋ ಇದ್ದರೆ ಮಾತ್ರ.

ಸಾಮಾನಿನ ವಿಷಯದಲ್ಲಿ ಜಿಪುಣತನ ಬೇಡ. ಸುಮಾರು 2.5 ಸೆಂ.ಮೀ. ಹಿಮ್ಮಡಿಯಿರುವ ಬೂಟು, ಬೂಟಿನ ಅಗಲಕ್ಕಿಂತ ಒಟ್ಟು 2–2.5 ಸೆಂ.ಮೀ. ಹೆಚ್ಚು ಅಗಲವಿರುವ ರಿಕಾಪು. ಕಿರಿದಾದರೂ ಅಗಲವಾದರೂ ಕಾಲು ಸಿಕ್ಕಿಕೊಳ್ಳುತ್ತದೆ. ಜೀನಿನಲ್ಲಿ ರಿಕಾಪಿನ ಪಟ್ಟಿ ಕೂರುವ ಕಬ್ಬಿಣದ ತುದಿಯಲ್ಲಿ ಒಂದು ಸಣ್ಣ ಕೊಂಡಿ ಇರುತ್ತದೆ. ಬಿದ್ದಾಗ ಪಟ್ಟಿ ಕಳಚಿಕೊಳ್ಳಬೇಕಾದರೆ ಅದು ತೆರೆದೇ ಇರಬೇಕು. ಹಳೆಯ ಜೀನುಗಳಲ್ಲಿ ಅದು ತುಕ್ಕು ಹಿಡಿದು ಮುಚ್ಚಿಕೊಂಡಿರುವುದುಂಟು, ಯಾರೂ ನೋಡಿರುವುದಿಲ್ಲ. ಹೊಟ್ಟೆಪಟ್ಟಿಯನ್ನು ಹತ್ತುವ ಮುಂಚೆ ಒಮ್ಮೆ, ಹತ್ತು ನಿಮಿಷ ನಡೆಸಿದ ಮೇಲೆ ಇನ್ನೊಮ್ಮೆ ಬಿಗಿಮಾಡಿ. ಬೈಕಿನ ಹೆಲ್ಮೆಟ್ ಇದಕ್ಕಲ್ಲ. ಸವಾರಿಯದ್ದೇ ಬೇಕು, ಸವಾರಿ ಹೆಲ್ಮೆಟ್‌ಗಳ ಸುರಕ್ಷತಾ ಮಾನದಂಡವಾದ ಎಎಸ್‌ಟಿಎಂ ಎಫ್1163 (ASTM F1163) ಗುರುತು ನೋಡಿ. ಒಮ್ಮೆ ತಲೆ ಬಡಿದರೆ ಆ ಹೆಲ್ಮೆಟ್ ಮುಗಿಯಿತು.

ಹೆದರಿಕೆಯ ವಸ್ತು ಮೊದಲೇ ಕಂಡರೆ ಕುದುರೆಯ ತಲೆಯನ್ನು ಅದರಿಂದ ಸ್ವಲ್ಪ ಆಚೆ ಬಾಗಿಸಿ ದಾಟಿಸಿ. "ಅಭ್ಯಾಸ ಆಗಲಿ" ಎಂದು ಮೂತಿ ತಿಕ್ಕುವಷ್ಟು ಹತ್ತಿರ ಒಯ್ದು ಚಾಟಿ ಬೀಸುವವರಿದ್ದಾರೆ. ಆ ಟೇಪು ಕಂಡಾಗಲೆಲ್ಲ ಏಟು ಬೀಳುತ್ತದೆ ಎಂಬುದೊಂದೇ ಅದು ಕಲಿಯುವ ಪಾಠ. ಮೈಸೂರು ದಸರೆಯ ಆನೆ, ಕುದುರೆಗಳಿಗೂ ಜಂಬೂಸವಾರಿಗೆ ಮುಂಚೆ ಫಿರಂಗಿ ಸದ್ದಿನ ತಾಲೀಮು ಇರುತ್ತದೆ, ಅದೂ ಒಂದೇ ದಿನಕ್ಕೆ ಮುಗಿಯುವುದಲ್ಲ. ಇಳಿದು ನಡೆಸುವುದಾದರೆ ನೀವು ಹೆದರಿಕೆಯ ವಸ್ತುವಿಗೂ ಕುದುರೆಗೂ ನಡುವೆ ಇರಿ. ಅದು ಹಾರುವುದು ಆಚೆ ಬದಿಗೆ; ಅಲ್ಲಿ ನೀವಿದ್ದರೆ ನಿಮ್ಮ ಮೇಲೇ. ಲಗಾಮನ್ನು ಕೈಗೆ ಸುತ್ತಿಕೊಳ್ಳಬೇಡಿ.

ಯಾವಾಗಲೂ ಒಂದೇ ಬದಿಯಲ್ಲಿರುವ ವಸ್ತುಗಳಿಗೆ ಬೆದರುವ ಕುದುರೆಯ ಆ ಕಡೆಯ ಕಣ್ಣನ್ನು ಪಶುವೈದ್ಯರಿಗೆ ತೋರಿಸಿ. ಇದ್ದಕ್ಕಿದ್ದಂತೆ ಬೆದರಲು ತೊಡಗಿದರೆ ಬೆನ್ನು, ಹಲ್ಲು, ಜೀನಿನ ಅಳತೆ ನೋಡಿಸಿ. ದಿನವಿಡೀ ಲಾಯದಲ್ಲಿ ಕಟ್ಟಿ ರೇಸಿನ ದಿನಗಳ ಲೆಕ್ಕದಲ್ಲೇ ಓಟ್ಸು, ಹುರುಳಿ ಸುರಿಯುತ್ತಿದ್ದರೆ ಮೊದಲು ಅದನ್ನು ಇಳಿಸಿ ಹುಲ್ಲು ಹೆಚ್ಚಿಸಿ.

ಕೊಳ್ಳುವವರು ಹೇಳದೆ ಕೇಳದೆ ಹೋಗಿ. ಜೀನಿನ ಜಾಗದಲ್ಲಿ ಬೆವರಿನ ಗುರುತಿದ್ದರೆ ನೀವು ಬರುವ ಮೊದಲೇ ಓಡಿಸಿ ಸುಸ್ತು ಮಾಡಿದ್ದಾರೆ ಎಂದು ಅನುಮಾನಿಸಿ. ಮೊದಲು ಮಾರುವವರೇ ಹತ್ತಿ, ಅಂಗಳದಲ್ಲಲ್ಲ, ಹೊರಗಿನ ದಾರಿಯಲ್ಲಿ ಟ್ರ್ಯಾಕ್ಟರು, ನಾಯಿಗಳ ನಡುವೆ ಓಡಾಡಿಸಿ ತೋರಿಸಲಿ. ಆಮೇಲೂ ಕೊಳ್ಳುವ ಮನಸ್ಸಿದ್ದರೆ ನೀವೇ ಕರೆತಂದ ಪಶುವೈದ್ಯರಿಂದ ಅದೇ ದಿನ ರಕ್ತ ತೆಗೆಸಿ, ಮಂಪರಿನ ಔಷಧಿ ಕೊಟ್ಟಿದ್ದಾರೆಯೇ ಎಂದು ಪರೀಕ್ಷೆ ಮಾಡಿಸಿ. ಇದಕ್ಕೆ ಒಪ್ಪದವರಿಗೆ ಮುಂಗಡ ಕೊಡಬೇಡಿ.