ಕೇಬಲ್ಲೋ, ಕಾರ್ಡ್ ರೀಡರೋ, ವೈಫೈಯೋ: ಕ್ಯಾಮೆರಾದಿಂದ ಕಂಪ್ಯೂಟರಿಗೆ ಫೋಟೊ ಇಳಿಸುವಾಗ

ರಾತ್ರಿಯಿಡೀ ನಡೆಯುವ ಯಕ್ಷಗಾನ ಬಯಲಾಟಕ್ಕೆ ಕ್ಯಾಮೆರಾ ಹಿಡಿದು ಕೂತರೆ ಬೆಳಗಾಗುವಾಗ ಕಾರ್ಡಿನಲ್ಲಿ 16 ಜಿಬಿ ತುಂಬಿರುತ್ತದೆ. ರಂಗದ ಬೆಳಕು ಸಾಲದು, ಕಿರೀಟದ ಮೇಲೆ ಬಿದ್ದ ಬೆಳಕು ಮುಖದ ಮೇಲೆ ಇರುವುದಿಲ್ಲ, ಹಾಗಾಗಿ ಆಮೇಲೆ ಬೆಳಕು ತಿದ್ದಿಕೊಳ್ಳಲು ಸೆನ್ಸರ್ ಕಂಡದ್ದನ್ನೆಲ್ಲ ಹಾಗೇ ಉಳಿಸುವ ರಾ ಫೈಲ್ ಬೇಕೇ ಬೇಕು. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಒಂದು ರಾ ಅಂದರೆ 25ರಿಂದ 30 ಎಂಬಿ. ಜೊತೆಗೆ ಜೆಪೆಗ್ ಬೇರೆ. ಇಷ್ಟನ್ನೂ ಕಂಪ್ಯೂಟರಿಗೆ ಇಳಿಸಲು ನನ್ನ ಹತ್ತಿರ ಮೂರು ದಾರಿ ಇವೆ: ಕ್ಯಾಮೆರಾದ ಯುಎಸ್‌ಬಿ ಕೇಬಲ್, ಕಾರ್ಡ್ ರೀಡರ್, ಕ್ಯಾಮೆರಾದೊಳಗಿನ ವೈಫೈ. ಮೂರನ್ನೂ ಬಳಸುತ್ತೇನೆ, ಆದರೆ ಒಂದೇ ಕೆಲಸಕ್ಕಲ್ಲ.

ವೇಗದ ಮಾತು ಮೊದಲು ಮುಗಿಸಿಬಿಡೋಣ. ನನ್ನ ಕ್ಯಾಮೆರಾದಲ್ಲಿ ಇರುವುದು ಯುಎಸ್‌ಬಿ 2.0. ಲೆಕ್ಕಕ್ಕೆ ಅದು ಸೆಕೆಂಡಿಗೆ 480 ಮೆಗಾಬಿಟ್, ಅಂದರೆ 60 ಎಂಬಿ. ಕೈಗೆ ಸಿಗುವುದು 30ರ ಆಸುಪಾಸು. 16 ಜಿಬಿಗೆ ಒಂಬತ್ತು ನಿಮಿಷ ಬೇಕು. ಅದೇ ಕಾರ್ಡನ್ನು ಯುಎಸ್‌ಬಿ 3.0 ರೀಡರ್‌ಗೆ ಹಾಕಿದರೆ 80, 90 ಎಂಬಿ ಬರುತ್ತದೆ, ಮೂರು ನಿಮಿಷ ಚಿಲ್ಲರೆಗೆ ಕೆಲಸ ಮುಗಿಯುತ್ತದೆ. ವೈಫೈಯಲ್ಲಿ ಸೆಕೆಂಡಿಗೆ 2, 3 ಎಂಬಿ ಸಿಕ್ಕರೆ ಪುಣ್ಯ. ಪೂರ್ತಿ ಕಾರ್ಡಿಗೆ ಹತ್ತಿರ ಹತ್ತಿರ ಎರಡು ಗಂಟೆ. ಅಷ್ಟರೊಳಗೆ ಕ್ಯಾಮೆರಾದ ಬ್ಯಾಟರಿ ಮಲಗಿರುತ್ತದೆ.

ಹಾಗಾದರೆ ರೀಡರ್ ಗೆದ್ದಿತು, ಕಥೆ ಮುಗಿಯಿತು ಅನ್ನಬಹುದು. ಆದರೆ ಆರು ನಿಮಿಷದ ಉಳಿತಾಯ ನನಗೆ ದೊಡ್ಡ ವಿಷಯವೇ ಅಲ್ಲ. ಫೋಟೊ ಇಳಿಯುವಾಗ ಚಹಾ ಮಾಡಿಕೊಂಡು ಬರಬಹುದು. ನಾನು ನೋಡುವುದು ಇನ್ನೊಂದನ್ನು. ಎಲ್ಲ ಫೋಟೊ ನಿಜವಾಗಿ ಬಂದಿವೆ ಅಂತ ಖಾತ್ರಿ ಮಾಡಿಕೊಳ್ಳಲು ಯಾವ ದಾರಿ ಬಿಡುತ್ತದೆ? ಕಾರ್ಡನ್ನು ಫಾರ್ಮ್ಯಾಟ್ ಮಾಡಿ ಖಾಲಿ ಮಾಡುವ ಮುಂಚೆ ನನಗೆ ಬೇಕಾದ ಉತ್ತರ ಅದೊಂದೇ.

ಕೇಬಲ್ ಇಲ್ಲೇ ಎಡವುವುದು. ಸಿಕ್ಕಿಸಿದ ಕೂಡಲೇ ಕ್ಯಾಮೆರಾ ಪೆನ್‌ಡ್ರೈವ್ ಥರ ಕಾಣುತ್ತದೆ ಅಂದುಕೊಂಡವರು ಜಾಸ್ತಿ. ಬಹಳಷ್ಟು ಕ್ಯಾಮೆರಾಗಳಲ್ಲಿ ಹಾಗಾಗುವುದಿಲ್ಲ. ಅವು ಪಿಟಿಪಿ ಎಂಬ ಪದ್ಧತಿಯಲ್ಲಿ, ಇಲ್ಲವೇ ಅದನ್ನು ಹಿಗ್ಗಿಸಿ ಮೈಕ್ರೋಸಾಫ್ಟ್ ಮಾಡಿದ ಎಂಟಿಪಿಯಲ್ಲಿ ಮಾತಾಡುತ್ತವೆ. ಕಂಪ್ಯೂಟರಿಗೆ ಕಾರ್ಡ್ ನೇರವಾಗಿ ಕಾಣುವುದೇ ಇಲ್ಲ. ಅದು ಕೇಳುತ್ತದೆ, ಕ್ಯಾಮೆರಾ ಒಂದೊಂದೇ ಫೋಟೊ ಕೊಡುತ್ತದೆ. ವಿಂಡೋಸ್‌ನಲ್ಲಿ ಇದಕ್ಕೆ D:, E: ಥರದ ಡ್ರೈವ್ ಅಕ್ಷರ ಸಿಗುವುದಿಲ್ಲ, ಹಾಗಾಗಿ ಫೈಲ್ ಹೋಲಿಸಿ ನೋಡುವ ಎಷ್ಟೋ ಸಾಫ್ಟ್‌ವೇರ್‌ಗಳಿಗೆ ಇದು ಇದ್ದೂ ಇಲ್ಲದಂತೆ. ಫೋಲ್ಡರ್ ತೆರೆದರೆ ಪುಟ್ಟ ಚಿತ್ರಗಳು ಒಂದೊಂದಾಗಿ ಮೂಡುವವರೆಗೆ ಕಾಯಬೇಕು. ನಡುವೆ ಕ್ಯಾಮೆರಾ ತಾನಾಗಿ ಆಫ್ ಆದರೆ ಎಲ್ಲಿಗೆ ನಿಂತಿತು ಅಂತ ಹುಡುಕುವುದು ತಲೆನೋವು.

ಹಾಗಂತ ಕೇಬಲನ್ನು ಪೆಟ್ಟಿಗೆಯಲ್ಲೇ ಇಡಬೇಕಿಲ್ಲ. ಕ್ಯಾಮೆರಾ ಕಂಪನಿಯದೋ, ಪಿಟಿಪಿ ಬಲ್ಲ ಬೇರೆಯದೋ ಸಾಫ್ಟ್‌ವೇರ್ ಬಳಸಿದರೆ ಸಂಗತಿ ಸುಧಾರಿಸುತ್ತದೆ. ಕ್ಯಾನನ್‌ನ ಇಒಎಸ್ ಯುಟಿಲಿಟಿ, ಮ್ಯಾಕ್‌ನಲ್ಲಿ ಮೊದಲಿಂದಲೇ ಇರುವ ಇಮೇಜ್ ಕ್ಯಾಪ್ಚರ್, ಲಿನಕ್ಸ್‌ನಲ್ಲಿ ಡಿಜಿಕ್ಯಾಮ್ ಇವೆಲ್ಲ ಪಿಟಿಪಿಯನ್ನು ಚೆನ್ನಾಗಿ ನಿಭಾಯಿಸುತ್ತವೆ. ಸೋನಿಯ ಎಷ್ಟೋ ಕ್ಯಾಮೆರಾಗಳ ಮೆನುವಿನಲ್ಲಿ ಮಾಸ್ ಸ್ಟೋರೇಜ್ ಅನ್ನುವ ಆಯ್ಕೆಯೇ ಇದೆ, ಅದನ್ನು ಆರಿಸಿದರೆ ನಿಜಕ್ಕೂ ಪೆನ್‌ಡ್ರೈವ್ ಥರವೇ ಕಾಣುತ್ತದೆ. ಮನೆಯಲ್ಲಿ ಮೇಜಿನ ಮೇಲೆ ಏನಾದರೂ ಇಟ್ಟು, ಟ್ರೈಪಾಡ್ ಹಾಕಿ ಫೋಟೊ ತೆಗೆಯುವಾಗ ನಾನು ಬಳಸುವುದು ಕೇಬಲನ್ನೇ. ಬಟನ್ ಒತ್ತಿದ ತಕ್ಷಣ ಫೋಟೊ ದೊಡ್ಡ ಪರದೆಗೆ ಬರುತ್ತದೆ, ಫೋಕಸ್ ತಪ್ಪಿದ್ದರೆ ಆಗಲೇ ಗೊತ್ತಾಗುತ್ತದೆ. ಈ ಕೆಲಸವನ್ನು ರೀಡರ್ ಮಾಡಲಾರದು.

ಇನ್ನು ರೀಡರ್. ಕಾರ್ಡ್ ಹಾಕಿದರೆ ಕ್ಯಾಮೆರಾ ಫೋಟೊ ಇಡುವ ಡಿಸಿಐಎಂ ಫೋಲ್ಡರ್ ಕಾಣುತ್ತದೆ, ಒಳಗೆ 100ರಿಂದ ಶುರುವಾಗುವ ಫೋಲ್ಡರ್‌ಗಳು. ಬಲಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿದರೆ ಎಷ್ಟು ಫೈಲ್, ಎಷ್ಟು ಬೈಟ್ ಅಂತ ಸಿಗುತ್ತದೆ. ಕಂಪ್ಯೂಟರಿನ ಫೋಲ್ಡರಿನಲ್ಲೂ ಅದೇ ಅಂಕಿ ಬಂದರೆ ಅರ್ಧ ನೆಮ್ಮದಿ. ಪೂರ್ತಿ ನೆಮ್ಮದಿ ಬೇಕಿದ್ದರೆ ಟೆರಾಕಾಪಿ ಥರದ ಸಾಫ್ಟ್‌ವೇರ್ ಇದೆ. ನಕಲು ಮಾಡಿದ ಮೇಲೆ ಎರಡೂ ಕಡೆಯ ಫೈಲ್‌ಗಳನ್ನು ಓದಿ ತಾಳೆ ನೋಡುತ್ತದೆ. ಅದರ ಹೊತ್ತನ್ನೂ ಸೇರಿಸಿದರೆ ರೀಡರ್ ಕೂಡ ಕೇಬಲ್‌ನಷ್ಟೇ ಸಮಯ ತಿನ್ನಬಹುದು. ತಿನ್ನಲಿ.

ಹೆಸರಿನ ಗೊಂದಲ ಒಂದಿದೆ, ಅದಕ್ಕೂ ರೀಡರೇ ವಾಸಿ. ಕ್ಯಾಮೆರಾ ಫೈಲ್ ಹೆಸರಿನಲ್ಲಿ ನಾಲ್ಕೇ ಅಂಕಿ ಇರುವುದು. 9999 ಆದ ಮೇಲೆ ಮತ್ತೆ 0001. ಎರಡು ಕಾರ್ಡ್ ಬಳಸಿ, ಪ್ರತಿ ಸಲ ಎಣಿಕೆ ಹೊಸದಾಗಿ ಶುರುವಾಗುವಂತೆ ಇಟ್ಟಿದ್ದರಂತೂ ಎರಡರಲ್ಲೂ ಅದೇ ಹೆಸರುಗಳು. ಒಂದೇ ಫೋಲ್ಡರಿಗೆ ಸುರಿದರೆ ಕಂಪ್ಯೂಟರ್ ಕೇಳುತ್ತದೆ: ಹಳೆಯದನ್ನು ಅಳಿಸಿ ಇದನ್ನು ಇಡಲೇ? ನಿದ್ದೆಗಣ್ಣಿನಲ್ಲಿ ಹೌದು ಅಂದರೆ ಹೋಯಿತು. ಕಾರ್ಡಿಗೊಂದು, ದಿನಕ್ಕೊಂದು ಫೋಲ್ಡರ್ ಮಾಡಿ ಪೂರ್ತಿ ಡಿಸಿಐಎಂ ಅನ್ನೇ ಎಳೆದುಹಾಕುವುದು ನನ್ನ ಪದ್ಧತಿ. ಕಟ್ ಮಾಡಿ ಪೇಸ್ಟ್ ಮಾಡುವುದಿಲ್ಲ, ಯಾವಾಗಲೂ ಕಾಪಿ. ಅಳಿಸುವ ಕೆಲಸ ಕ್ಯಾಮೆರಾದೊಳಗಿನ ಫಾರ್ಮ್ಯಾಟ್‌ಗೆ ಬಿಟ್ಟಿದ್ದೇನೆ. ಮ್ಯಾಕ್‌ನಲ್ಲಿ ಕಾರ್ಡಿನಿಂದ ಫೋಟೊ ಅಳಿಸಿದರೆ ಅದು ಕಾರ್ಡಿನಲ್ಲೇ ಇರುವ ಅಡಗಿದ ಕಸದಬುಟ್ಟಿಗೆ ಹೋಗುತ್ತದೆ. ಬುಟ್ಟಿ ಖಾಲಿ ಮಾಡುವವರೆಗೆ ಜಾಗ ಬಿಡುಗಡೆ ಆಗುವುದಿಲ್ಲ.

ರೀಡರಿಗೂ ರಗಳೆ ಇವೆ. ಕಾರ್ಡನ್ನು ಪದೇ ಪದೇ ತೆಗೆದು ಹಾಕಿದರೆ ಸವೆಯುತ್ತದೆ. ಎಸ್‌ಡಿ ಕಾರ್ಡಿನ ಪಕ್ಕದ ಲಾಕ್ ಗುಂಡಿ ಸಡಿಲವಾದರೆ ಸುಮ್ನೆ ಕೆಳಗೆ ಜಾರಿ, ಕಾರ್ಡ್ ಲಾಕ್ ಆಗಿದೆ ಅಂತ ಕ್ಯಾಮೆರಾ ಹಟ ಹಿಡಿಯುತ್ತದೆ. ಆ ಗುಂಡಿಗೂ ಒಳಗಿನ ಚಿಪ್ಪಿಗೂ ಸಂಬಂಧವೇ ಇಲ್ಲ ಗೊತ್ತಾ? ಅದು ಎಲ್ಲಿದೆ ಅಂತ ಕ್ಯಾಮೆರಾ ಅಥವಾ ರೀಡರ್ ಮುಟ್ಟಿ ನೋಡುತ್ತದೆ, ಅಷ್ಟೇ. ಗುಂಡಿ ಉದುರಿಯೇ ಹೋದರೆ ಆ ಜಾಗಕ್ಕೆ ಸಣ್ಣ ಟೇಪ್ ಅಂಟಿಸಿ ಕಾರ್ಡನ್ನು ಮತ್ತೆ ಬಳಸಿದವರಿದ್ದಾರೆ. ಇನ್ನೊಂದು, ಹೆಸರಿಲ್ಲದ ಅಗ್ಗದ ರೀಡರ್ ಬೇಡ. ನನ್ನ ಹತ್ತಿರ ಇದ್ದ ಅಂಥದ್ದೊಂದು ಕಾಪಿ ನಡುವೆಯೇ ಕಾರ್ಡನ್ನು ಕೈಬಿಡುತ್ತಿತ್ತು.

ಕಾರ್ಡಿನ ಮೇಲಿನ ಸೆಕೆಂಡಿಗೆ 170, 200 ಎಂಬಿ ಎಂಬ ಅಂಕಿ ನೋಡಿ ಮರುಳಾಗುವುದೂ ಬೇಡ. ಯುಎಚ್‌ಎಸ್ ಅಂದರೆ ಎಸ್‌ಡಿ ಕಾರ್ಡಿನ ವೇಗದ ದರ್ಜೆ; ಯುಎಚ್‌ಎಸ್-1 ಕಾರ್ಡಿನ ಮಿತಿ ಸೆಕೆಂಡಿಗೆ 104 ಎಂಬಿ. ಅದನ್ನು ಮೀರಬೇಕಾದರೆ ಆ ಕಾರ್ಡ್ ಕಂಪನಿಯ ಸ್ವಂತ ತಂತ್ರಕ್ಕೆ ಹೊಂದುವ ರೀಡರ್ ಬೇಕು. ಹಿಂಬದಿ ಎರಡು ಸಾಲು ಪಿನ್ ಇರುವ ಯುಎಚ್‌ಎಸ್-2 ಕಾರ್ಡ್ 312 ಎಂಬಿವರೆಗೆ ಹೋಗುತ್ತದೆ, ಆದರೆ ರೀಡರ್ ಕೂಡ ಯುಎಚ್‌ಎಸ್-2 ಆಗಿರಬೇಕು. ಇಲ್ಲದಿದ್ದರೆ ಕೊಟ್ಟ ದುಡ್ಡಿಗೆ ಸಿಗುವುದು ಹಳೆಯ ವೇಗವೇ.

ವೈಫೈಯನ್ನು ನಾನು ಕಂಪ್ಯೂಟರಿಗೆ ಬಳಸುವುದೇ ಇಲ್ಲ. ಕ್ಯಾಮೆರಾ ತನ್ನದೇ ಹಾಟ್‌ಸ್ಪಾಟ್ ತೆರೆಯುತ್ತದೆ, ಅದಕ್ಕೆ ಸೇರಿಕೊಂಡರೆ ಲ್ಯಾಪ್‌ಟಾಪಿಗೆ ಮನೆಯ ಇಂಟರ್ನೆಟ್ ತಪ್ಪುತ್ತದೆ. ಫೋನಿಗಾದರೆ ಬೇರೆ ಮಾತು. ಆಟ ಮುಗಿದು ಚೌಕಿಯಲ್ಲಿ ಬಣ್ಣ ತೆಗೆಯುತ್ತಾ ಕೂತ ಕಲಾವಿದರು ಕ್ಯಾಮೆರಾದ ಪರದೆಗೆ ಇಣುಕಿ, "ಇದೊಂದು ನಂಗೆ ಕಳ್ಸಿ ಮಾರಾಯ್ರೆ" ಅಂದರೆ ಅಲ್ಲೇ ಕಳಿಸಬಹುದು. 8 ಎಂಬಿಯ ಒಂದು ಜೆಪೆಗ್‌ಗೆ ನಾಲ್ಕು ಸೆಕೆಂಡ್ ಸಾಕು. ಒಂದು ಎಚ್ಚರ: ಕ್ಯಾಮೆರಾ ಕಂಪನಿಯ ಫೋನ್ ಆ್ಯಪ್‌ಗೆ ಬರುವುದು ಯಾವಾಗಲೂ ಪೂರ್ತಿ ಅಳತೆಯ ಫೋಟೊ ಅಲ್ಲ. ನಿಕಾನ್‌ನ ಸ್ನ್ಯಾಪ್‌ಬ್ರಿಡ್ಜ್ ಆ್ಯಪ್‌ಗೆ ತಾನಾಗಿ ಕಳಿಸುವಾಗ 2 ಮೆಗಾಪಿಕ್ಸೆಲ್‌ಗೆ ಇಳಿಸಿ ಕಳಿಸುವಂತೆ ಇಡಬಹುದು. ವಾಟ್ಸಾಪ್‌ಗೆ ಅದು ಧಾರಾಳ. ಆದರೆ ಫೋನಿನಲ್ಲಿ ಬಂದಿದೆಯಲ್ಲ ಅಂತ ಕಾರ್ಡ್ ಅಳಿಸಿದರೆ ಅಸಲು ಫೋಟೊ ಹೋಗಿರುತ್ತದೆ. ಖಾತ್ರಿಯ ವಿಷಯದಲ್ಲಿ ವೈಫೈ ಕೊನೆಗೆ ನಿಲ್ಲುವುದು ಇದೇ ಕಾರಣಕ್ಕೆ.

ತಿರುಗಿ ಕಳಿಸುವ ದಾರಿಯೂ ಇದೆ, ಕಂಪ್ಯೂಟರಿನಿಂದ ಕ್ಯಾಮೆರಾಕ್ಕೆ. ತಿದ್ದಿದ ಫೋಟೊವನ್ನು ಕಾರ್ಡಿಗೆ ಹಾಕಿದರೆ ಕ್ಯಾಮೆರಾ ಎಷ್ಟೋ ಸಲ ಅದನ್ನು ತೋರಿಸುವುದೇ ಇಲ್ಲ, ಹಾಗಾಗಿ ಅದರ ಗೋಜು ಬೇಡ. ಬೇಕಾಗುವುದು ಫರ್ಮ್‌ವೇರ್, ಅಂದರೆ ಕ್ಯಾಮೆರಾದೊಳಗಿನ ಸಾಫ್ಟ್‌ವೇರ್, ಅಪ್‌ಡೇಟ್ ಮಾಡಲು. ಬಹಳಷ್ಟು ಕ್ಯಾಮೆರಾಗಳಲ್ಲಿ, ಕಂಪನಿಯ ತಾಣದಿಂದ ಇಳಿಸಿಕೊಂಡ ಫೈಲನ್ನು ಯಾವ ಫೋಲ್ಡರಿನ ಒಳಗೂ ಇಡದೆ, ಕಾರ್ಡಿನ ಹೊರಹಂತದಲ್ಲೇ ಹಾಕಬೇಕು. ರೀಡರ್ ಇದ್ದರೆ ಅರೆನಿಮಿಷದ ಕೆಲಸ. ಕ್ಯಾಮೆರಾದ ಬ್ಯಾಟರಿಯನ್ನು ಮಾತ್ರ ಮೊದಲೇ ಪೂರ್ತಿ ಚಾರ್ಜ್ ಮಾಡಿಟ್ಟುಕೊಳ್ಳಿ.